ನೂರು ಭಟ್ಟಿ ಇದ್ದ ಮನೆ: ಒಂದು ಇ-ಪುಸ್ತಕಕ್ಕೆ ಟಿಪ್ಪಣಿ ಕೂರಿಸಿದ ಪ್ರಕರಣ

ಕೊಡಗಿನ ನಾಪೋಕ್ಲು ಕಡೆ ಜೂನ್‌ನಲ್ಲಿ ಮಳೆ ಹಿಡಿದ್ರೆ, ಹೋದ ಕರೆಂಟು ಯಾವಾಗ ಬರ್ತದೆ ಅಂತ ಲೈನ್‌ಮ್ಯಾನ್‌ಗೂ ಗೊತ್ತಿರಲ್ಲ. ಟಿವಿ ಇಲ್ಲ, ಫೋನಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದ್ರೆ ಬಂತು, ಹಾಗಾಗಿ ನಮ್ಮ ಕಡೆ ಪುಸ್ತಕ ಓದೋರು ಅಂತ ಇದ್ರೆ ಅವ್ರು ಓದೋದೇ ಆ ಮೂರು ತಿಂಗಳು, ಕೈಲ್ ಪೊಳ್ದ್ ಹಬ್ಬ ಬರೋ ತನಕ. ಇ-ರೀಡರ್ ಇಲ್ಲಿ ಕೆಲವ್ರ ಕೈಯಲ್ಲಿ ಕಾಣೋದೂ ಅದಕ್ಕೇ, ಒಂದ್ಸಲ ಚಾರ್ಜ್ ಮಾಡಿದ್ರೆ ವಾರಗಟ್ಟಲೆ ಬರ್ತದೆ, ಪುಸ್ತಕದ ಹಾಗೆ ಬೂಸ್ಟು ಹಿಡಿಯಲ್ಲ.

ನಮ್ಮ ಹೈಸ್ಕೂಲ್ ಕನ್ನಡ ಮೇಷ್ಟ್ರು ರಿಟೈರ್ ಆದ್ಮೇಲೆ ಒಂದು ಕಾದಂಬರಿ ಬರೆದಿದ್ರು. ಒಂದು ಒಕ್ಕದ, ಅಂದ್ರೆ ಮನೆತನದ, ನಾಲ್ಕೈದು ತಲೆಮಾರಿನ ಕತೆ, ಲಿಂಗರಾಜೇಂದ್ರನ ಕಾಲದಿಂದ ಶುರುವಾಗಿ 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದ ಜೊತೆ ಸೇರೋ ದಿನಕ್ಕೆ ಮುಗೀತದೆ. ಪ್ರಿಂಟ್ ಹಾಕಿಸಿದ್ದು ಸ್ವಲ್ಪೇ ಕಾಪಿ, ಅದೂ ಸ್ವಂತ ದುಡ್ಡಲ್ಲಿ, ಎಲ್ಲ ಖಾಲಿ. ಇ-ಪುಸ್ತಕ ಮಾಡಿಕೊಡು ಅಂತ ನನ್ನ ಹತ್ರ ಬಂದ್ರು. ನಾನು ಮಾಡೋದು ಆಪ್ ಡಿಸೈನ್ ಕೆಲಸ, ಮನೆಯಿಂದ್ಲೇ. ಜೊತೆಗೆ ಬೆಂಗಳೂರಲ್ಲಿರೋ ನನ್ನ ಗೆಳೆಯ, ಕೋಡ್ ಬರೆಯೋನು. ಇಬ್ರೂ ಮೇಷ್ಟ್ರ ಹತ್ರ ಏಟು ತಿಂದವ್ರು, ಇಲ್ಲ ಅನ್ನೋ ಧೈರ್ಯ ಯಾರಿಗೂ ಬರ್ಲಿಲ್ಲ.

ಇದು ಎರಡು ವಾರದ ಕೆಲಸ ಅಂದ್ಕೊಂಡಿದ್ವಿ.

ಮೊದಲ ವಾರ ಪೂರ್ತಿ ಫೈಲ್ ರಿಪೇರಿಗೇ ಹೋಯ್ತು. ಮೇಷ್ಟ್ರು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿಸಿದ್ರು, ಯೂನಿಕೋಡ್‌ಗೆ ತಂದ್ರೆ ಅರ್ಕಾವತ್ತು ಇದ್ದ ಕಡೆಯೆಲ್ಲ ಒಂದಷ್ಟು ಅಕ್ಷರ ಹಿಂದುಮುಂದಾಗಿತ್ತು, ಕೂತು ಸರಿ ಮಾಡಿದ್ವಿ, ಅದ್ರ ಬಗ್ಗೆ ಹೇಳೋದೇನಿಲ್ಲ, ಈ ಕೆಲಸ ಮಾಡಿದೋರಿಗೆಲ್ಲ ಗೊತ್ತಿರೋ ಕರ್ಮ ಅದು. ಆಮೇಲೆ ಪುಸ್ತಕದ ಹಿಂದೆ ಇದ್ದ ಟಿಪ್ಪಣಿಗಳನ್ನ ಪ್ರಿಂಟಲ್ಲಿದ್ದ ಹಾಗೇ, ಪದದ ಪಕ್ಕ ಮೇಲೆ ಸಣ್ಣ ನಂಬರ್ ಹಾಕಿ, ಮುಟ್ಟಿದ್ರೆ ಕೊನೆ ಪುಟಕ್ಕೆ ಹೋಗೋ ಹಾಗೆ ಲಿಂಕ್ ಮಾಡಿದ್ವಿ. ಟಿಪ್ಪಣಿ ಮುನ್ನೂರಕ್ಕೂ ಮೇಲಿತ್ತು. ಕೆಲಸ ಮುಗೀತು ಅಂತ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿಯೂ ಆಯ್ತು.

ಮುಗಿದಿಲ್ಲ ಅಂತ ಗೊತ್ತಾದದ್ದು ಸುಬೇದಾರ್ ಅಂಕಲ್ ಜಗುಲಿಯಲ್ಲಿ. ಇವ್ರು ನಮ್ಮ ಪಕ್ಕದ ತೋಟದವ್ರು, ಸೈನ್ಯದಿಂದ ರಿಟೈರ್ ಆಗಿ ಬಂದವ್ರು, ಮಗಳು ಹೊರದೇಶದಿಂದ ಇ-ರೀಡರ್ ಕಳಿಸಿದ್ಲು. ಕಣ್ಣಿನ ಆಪರೇಷನ್ ಆಗಿದೆ, ಅಕ್ಷರ ಎಷ್ಟು ದೊಡ್ಡದು ಮಾಡ್ಬಹುದೋ ಅಷ್ಟು ದೊಡ್ಡದು ಮಾಡ್ಕೊಂಡು ಓದ್ತಾರೆ, ಸ್ಕ್ರೀನಲ್ಲಿ ಒಂಬತ್ತು ಸಾಲು ಕೂತ್ರೆ ಹೆಚ್ಚು. ಅವ್ರು ಓದೋದನ್ನ ನಾನು ಪಕ್ಕದಲ್ಲಿ ಐಮರದ ಹಲಗೆ ಮೇಲೆ ಕೂತು ಸುಮ್ನೆ ನೋಡ್ತಿದ್ದೆ. ಮಾತಾಡಬಾರ್ದು ಅಂತ ನನಗೆ ನಾನೇ ಹಾಕ್ಕೊಂಡ ಕಟ್ಟಳೆ.

ಮೂರನೇ ಪುಟದಲ್ಲಿ ಒಂದು ನಂಬರ್ ಸಿಕ್ತು. ತೋರುಬೆರಳಲ್ಲಿ ಮುಟ್ಟಿದ್ರು. ಏನೂ ಆಗ್ಲಿಲ್ಲ. ಇನ್ನೊಂದ್ಸಲ ಮುಟ್ಟಿದ್ರು, ಪುಟ ತಿರುಗ್ತು. ವಾಪಸ್ ಬಂದು ಮೂರನೇ ಸಲ ಗಟ್ಟಿಯಾಗಿ ಒತ್ತಿದ್ರು, ಈಗ ಟಿಪ್ಪಣಿಗೆ ಹೋಯ್ತು, ಆದ್ರೆ ಸ್ಕ್ರೀನಲ್ಲಿ ಕಂಡದ್ದು ಬೇರೆ ಟಿಪ್ಪಣಿಯ ಬಾಲ ಮತ್ತು ಇವ್ರಿಗೆ ಬೇಕಾದ ಟಿಪ್ಪಣಿಯ ತಲೆ, ಕೆಳಗೆ ಮೂಲೆಯಲ್ಲಿ ಶೇಕಡಾ 96 ಅಂತ ಬಂತು. ಓದಿದ್ರು. ಮುಂದಿನ ಪುಟಕ್ಕೆ ಹೋದ್ರೆ ಇನ್ನೊಂದು ಟಿಪ್ಪಣಿ, ಅದನ್ನೂ ಓದಿದ್ರು, ಹಿಂದೆ ಬಂದ್ರೆ ಬೇರೇನೋ. ವಾಪಸ್ ಹೋಗೋಕೆ ಅಂತ ನಾವು ಇಟ್ಟಿದ್ದ ಬಾಣದ ಗುರುತು ಅಲ್ಲೇ ಇತ್ತು, ಅವ್ರ ದೊಡ್ಡಕ್ಷರದಲ್ಲಿ ಅದು ಮುಂದಿನ ಪುಟಕ್ಕೆ ಜಾರಿ ಹೋಗಿತ್ತು ಅಷ್ಟೆ. ಮಡಿಲಲ್ಲಿ ಇಟ್ಕೊಂಡು ಕನ್ನಡಕ ತೆಗೆದು ನನ್ನ ಕಡೆ ನೋಡಿದ್ರು.

"ನಿಮ್ಮ ಮೇಷ್ಟ್ರು ನನ್ನ ಎಲ್ಲಿಗೋ ಕಳಿಸಿಬಿಟ್ರು ಮಗ. ಹೋಗೋಕೆ ಬಸ್ಸುಂಟು, ವಾಪಸ್ ಬಸ್ಸಿಲ್ಲ."

ಅವತ್ತಿಂದ ನಮ್ಮಿಬ್ರ ಮಧ್ಯೆ ಆ ಫೀಚರ್ ಹೆಸರೇ ವಾಪಸ್ ಬಸ್.

ಅವತ್ತು ಸಂಜೆ ನಾನು ಬರ್ಕೊಂಡ ಪಟ್ಟಿಯಲ್ಲಿ ಇದ್ದದ್ದೆಲ್ಲ ಜಾಗದ ತಕರಾರೇ. ನಂಬರ್ ಸಣ್ಣದು. ಕನ್ನಡದಲ್ಲಿ ಇನ್ನೂ ಒಂದು ತಾಪತ್ರಯ, ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿದಿರ್ತದೆ, ಕೆಳಗಿನ ಸಾಲಿನ ನಂಬರ್ ಮೇಲೆ ಏರಿರ್ತದೆ, ಎರಡೂ ಹೋಗಿ ಒಂದಕ್ಕೊಂದು ಡಿಕ್ಕಿ. ಒಂದು ಕಡೆ 'ಷ್ಟ್ರ' ಒತ್ತಿನ ಬುಡದಲ್ಲಿ 14 ಅಂತ ನಂಬರ್ ಕೂತು, ಅದು ಅಕ್ಷರದ ಭಾಗವೋ ನಂಬರೋ ಅಂತ ನನಗೇ ಗೊತ್ತಾಗ್ಲಿಲ್ಲ. ನಂಬರೇ ತೆಗೆದುಬಿಡೋದು ಅಂತ ಆಯ್ತು. ಪದವೇ ಲಿಂಕ್, ಕೆಳಗೆ ಚುಕ್ಕಿ ಗೆರೆ. ಪದ ಅಗಲ ಇರ್ತದೆ, ದಪ್ಪ ಬೆರಳಿಗೂ ಸಿಗ್ತದೆ.

ಟಿಪ್ಪಣಿ ಅದೇ ಪುಟದ ಮೇಲೆ ಸಣ್ಣ ಡಬ್ಬಿಯಾಗಿ ತೆರೆಯೋಕೆ ಈಪಬ್ 3 ಅನ್ನೋ ಇ-ಪುಸ್ತಕದ ಫಾರ್ಮ್ಯಾಟಲ್ಲಿ ದಾರಿ ಇದೆ. ಲಿಂಕ್‌ಗೆ ಇದು ಟಿಪ್ಪಣಿಯ ಕರೆ ಅಂತ, ಟಿಪ್ಪಣಿಗೆ ಇದು ಅಡಿಟಿಪ್ಪಣಿ ಅಂತ ಒಂದೊಂದು ಗುರುತು ಹಾಕಿದ್ರೆ ಅರ್ಥ ಆಗೋ ಸಾಧನಗಳು ಡಬ್ಬಿ ತೋರಿಸ್ತವೆ, ಅರ್ಥ ಆಗದವು ಮಾಮೂಲಿ ಲಿಂಕ್ ಥರ ಕೊನೆಗೆ ಎಸೀತವೆ. ಯಾರ ಕೈಯಲ್ಲಿ ಯಾವ ಸಾಧನ ಇರ್ತದೋ ಹೇಳೋಕಾಗಲ್ಲ, ಅದಕ್ಕೆ ಎರಡಕ್ಕೂ ತಯಾರಿರಬೇಕು. ಸಣ್ಣ ಬಾಣದ ಬದ್ಲು 'ಓದ್ತಿದ್ದ ಕಡೆಗೆ' ಅಂತ ಪೂರ್ತಿ ಒಂದು ಸಾಲಿನ ಲಿಂಕ್ ಇಟ್ಟು, ಅದನ್ನ ಟಿಪ್ಪಣಿಯ ಕೊನೆಗಲ್ಲ, ತಲೆಗೆ ತಂದ್ವಿ. ಎಷ್ಟೇ ದೊಡ್ಡಕ್ಷರ ಇದ್ರೂ ಮೊದ್ಲು ಕಾಣೋದು ಅದೇ.

ಇಲ್ಲಿ ಒಂದು ಗುಂಡಿಗೆ ಬಿದ್ವಿ, ಬೇರೆಯವ್ರು ಬೀಳದಿರ್ಲಿ ಅಂತ ಹೇಳ್ತೇನೆ. 'ಕೈಮಡ' (ಒಕ್ಕದ ಹಿರಿಯರ ಗುಡಿ) ಅನ್ನೋ ಪದ ಪುಸ್ತಕದಲ್ಲಿ ಹತ್ತಾರು ಕಡೆ ಬರ್ತದೆ, ಟಿಪ್ಪಣಿ ಒಂದೇ. ಎಲ್ಲ ಕಡೆಯಿಂದ ಆ ಒಂದು ಟಿಪ್ಪಣಿಗೆ ಲಿಂಕ್ ಕೊಟ್ವಿ. ಆದ್ರೆ ವಾಪಸ್ ಲಿಂಕ್ ಒಂದೇ ಜಾಗಕ್ಕೆ ತಾನೇ ಹೋಗೋದು? ಹನ್ನೆರಡನೇ ಅಧ್ಯಾಯದಲ್ಲಿದ್ದ ಸುಬೇದಾರ್ರು ಟಿಪ್ಪಣಿ ಓದಿ 'ಓದ್ತಿದ್ದ ಕಡೆಗೆ' ಒತ್ತಿದ್ರೆ ಒಂದನೇ ಅಧ್ಯಾಯಕ್ಕೆ ಹೋಗಿ ಬಿದ್ರು. ಬಸ್ಸೇನೋ ಬಂತು, ಇಳಿಸಿದ್ದು ಬೇರೆ ಊರಲ್ಲಿ. ಕೊನೆಗೆ ಒಂದು ಅಧ್ಯಾಯದಲ್ಲಿ ಮೊದಲ ಸಲ ಬಂದಾಗ ಮಾತ್ರ ಗುರುತು ಹಾಕೋದು, ಪ್ರತಿ ಗುರುತಿಗೂ ಟಿಪ್ಪಣಿಯ ಬೇರೆ ಬೇರೆ ನಕಲು ಇಡೋದು ಅಂತ ಮಾಡಿದ್ವಿ. ನಕಲು ಮಾಡೋ ಕೆಲಸ ಗೆಳೆಯನ ಸ್ಕ್ರಿಪ್ಟ್‌ದು, ಫೈಲ್ ಸ್ವಲ್ಪ ದಪ್ಪ ಆಯ್ತು, ಆಗ್ಲಿ.

ಇಷ್ಟೊತ್ತಿಗೆ ಗೆಳೆಯ ಬೇರೆ ದಾರಿ ಹಿಡಿದಿದ್ದ. ಅವ್ನ ವಾದ ಏನಂದ್ರೆ ಟಿಪ್ಪಣಿ ಯಾಕೆ ಬೇಕು, ಪದದ ಮೇಲೆ ಬೆರಳು ಒತ್ತಿ ಹಿಡಿದ್ರೆ ನಿಘಂಟು ತೆರೀತದಲ್ಲ, ಒಳ್ಳೇ ನಿಘಂಟು ಹಾಕ್ಕೊಟ್ರೆ ಆಯ್ತು. ವಿ. ಕೃಷ್ಣ ಅವ್ರು ದಶಕಗಟ್ಟಲೆ ಕೂತು ಮಾಡಿದ ಅಲರ್ ನಿಘಂಟು 2019ರಲ್ಲಿ ಎಲ್ರಿಗೂ ಮುಕ್ತವಾಗಿ ಸಿಕ್ತು, ಒಂದೂವರೆ ಲಕ್ಷಕ್ಕೂ ಮೇಲೆ ಪದ ಇದೆ ಅದ್ರಲ್ಲಿ. ಅದನ್ನ ಸ್ಟಾರ್‌ಡಿಕ್ಟ್ ಅನ್ನೋ ನಿಘಂಟಿನ ಫಾರ್ಮ್ಯಾಟಿಗೆ ತಂದು ಕೆಒರೀಡರ್ ಅನ್ನೋ, ಇ-ಪುಸ್ತಕ ಓದೋ ಓಪನ್ ಸೋರ್ಸ್ ಆಪಲ್ಲಿ ಹಾಕಿದ. ಇಂಟರ್ನೆಟ್ ಬೇಡ, ಎಲ್ಲ ಸಾಧನದ ಒಳಗೇ, ನಮ್ಮೂರಿಗೆ ಹೇಳಿ ಮಾಡಿಸಿದ ಹಾಗೆ.

ಕೆಲಸ ಮಾಡ್ತು, ಅರ್ಧ. ಕನ್ನಡದಲ್ಲಿ ಪದ ಯಾವತ್ತೂ ಬರೀಮೈಯಲ್ಲಿ ಬರಲ್ಲ. ನಿಘಂಟಲ್ಲಿ ಇರೋದು ಮನೆ, ಪುಸ್ತಕದಲ್ಲಿ ಇರೋದು ಮನೆಯವರೆಲ್ಲರಿಗೂ. ವಿಭಕ್ತಿ ಪ್ರತ್ಯಯ ಕಳಚಿ ಹುಡುಕೋ ಸಣ್ಣ ಸ್ಕ್ರಿಪ್ಟ್ ಬರೆದ, ಗದ್ದೆಗೆ, ಗದ್ದೆಯಲ್ಲಿ, ಗದ್ದೆಯಿಂದ ಎಲ್ಲ ಸಿಕ್ತು. ಸಂಧಿ ಬಂದ ಕಡೆ ಎಡವಿತು, 'ಕೈಮಡದೆದುರು' ಅಂದ್ರೆ ಕೈಮಡದ ಎದುರು ಅಂತ ಬಿಡಿಸೋಕೆ ಅದಕ್ಕೆ ಬರ್ಲಿಲ್ಲ. ಮತ್ತೆ ಮೇಷ್ಟ್ರು 'ಐನ್‌ಮನೆ' (ಒಕ್ಕದ ಮೂಲ ಮನೆ) ಪದವನ್ನ ಮೂರು ಥರ ಟೈಪ್ ಮಾಡಿಸಿದ್ರು, ಒಂದು ಕಡೆ ಮಧ್ಯೆ ಜಾಗ ಬಿಟ್ಟು ಐನ್ ಮನೆ, ಒಂದು ಕಡೆ ಐನ್ಮನೆ, ಇನ್ನೊಂದು ಕಡೆ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಟ್ಟು ನ್ ಮತ್ತು ಮ ಸೇರದ ಹಾಗೆ ತಡೆದದ್ದು. ಓದೋರಿಗೆ ಮೂರೂ ಒಂದೇ, ಕಂಪ್ಯೂಟರಿಗೆ ಮೂರು ಬೇರೆ ಬೇರೆ. ಕೋವಿ ಪದದ 'ಕೋ' ಕೂಡ ಹಾಗೇ, ಅದನ್ನ ಒಂದೇ ಚಿಹ್ನೆಯಾಗಿಯೂ ಇಡ್ಬಹುದು, ಎತ್ವ ಊತ್ವ ದೀರ್ಘ ಅಂತ ಬಿಡಿಬಿಡಿ ತುಂಡಾಗಿಯೂ ಇಡ್ಬಹುದು, ಕಾಣೋಕೆ ವ್ಯತ್ಯಾಸ ಇಲ್ಲ. ಇಡೀ ಪುಸ್ತಕವನ್ನೂ ನಿಘಂಟನ್ನೂ ಒಂದೇ ರೂಪಕ್ಕೆ ಇಳಿಸಿದ್ಮೇಲೆ ಹುಡುಕಾಟ ಸರಿ ಹೋಯ್ತು. ಕನ್ನಡದ ಇ-ಪುಸ್ತಕ ಮಾಡೋರು ಇದೊಂದು ಕೆಲಸ ಮೊದಲ ದಿನವೇ ಮಾಡಿ ಮುಗಿಸಿ, ನಾವು ಹತ್ತನೇ ದಿನ ಮಾಡಿ ಬೈಸ್ಕೊಂಡ್ವಿ, ಬೈದದ್ದೂ ನಾವೇ ಬೈಸ್ಕೊಂಡದ್ದೂ ನಾವೇ.

ಎಲ್ಲ ಆದ್ಮೇಲೆ ಗೆಳೆಯನ ವಾದ ಗೆದ್ದ ಹಾಗೇ ಇತ್ತು. ಆಗ ಮೇಷ್ಟ್ರ ಮೊಮ್ಮಗಳು ಓದಿದ್ಲು.

ಬೆಂಗಳೂರಲ್ಲಿ ಪಿಯುಸಿ, ಕನ್ನಡ ನಿಧಾನಕ್ಕೆ ಓದ್ತಾಳೆ ಆದ್ರೆ ಓದ್ತಾಳೆ. ರಜೆಗೆ ಬಂದವ್ಳ ಕೈಗೆ ಕೊಟ್ವಿ. ಎರಡು ಅಧ್ಯಾಯ ಒಂದೇ ಉಸಿರಿಗೆ ಓದಿದ್ಲು, ಒಂದು ಸಲವೂ ಬೆರಳು ಒತ್ತಿ ಹಿಡೀಲಿಲ್ಲ, ಎಲ್ಲ ಅರ್ಥ ಆಯ್ತು ಅಂದ್ಲು. ನಮಗೆ ಖುಷಿಯೋ ಖುಷಿ. ಆಮೇಲೆ ಊಟಕ್ಕೆ ಕೂತಾಗ ಅಜ್ಜನ್ನ ಕೇಳಿದ್ಲು:

"ಅಜ್ಜ, ಅವ್ರ ಮನೇಲಿ ನೂರು ಸಾರಾಯಿ ಭಟ್ಟಿ ಇತ್ತಾ? ಅಷ್ಟೊಂದು ಕುಡೀತಿದ್ರಾ?"

ಮೇಷ್ಟ್ರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಪುಸ್ತಕದ ಮೊದಲ ಸಾಲುಗಳಲ್ಲೇ 'ನೂರು ಭಟ್ಟಿ ಇದ್ದ ಮನೆ' ಅಂತ ಬರ್ತದೆ. ಕೊಡಗಿನ ಹಳೇ ಲೆಕ್ಕದಲ್ಲಿ ಭಟ್ಟಿ ಅಂದ್ರೆ ಭತ್ತದ ಅಳತೆ, ಗದ್ದೆಯನ್ನೂ ಅದ್ರಲ್ಲೇ ಹೇಳ್ತಿದ್ರು, ನೂರು ಭಟ್ಟಿ ಗದ್ದೆ ಅಂತ. ಹುಡುಗಿಗೆ ಭಟ್ಟಿ ಪದ ಗೊತ್ತಿತ್ತು, ಸಿನಿಮಾದಿಂದ. ಗೊತ್ತಿರೋ ಪದದ ಮೇಲೆ ಯಾರಾದ್ರೂ ಯಾಕೆ ಬೆರಳು ಒತ್ತಿ ಹಿಡೀತಾರೆ? ಆ ಮನೆಯವ್ರು ಕಳ್ಳಬಟ್ಟಿ ಕಾಯಿಸೋರು ಅಂದ್ಕೊಂಡೇ ಎರಡು ಅಧ್ಯಾಯ ಓದಿದ್ದಾಳೆ, ಕತೆಯೂ ಹೆಂಗೋ ಅದಕ್ಕೆ ಹೊಂದ್ಕೊಂಡಿದೆ!

ಕೂತು ಕೇಳ್ತಾ ಹೋದ್ರೆ ಇನ್ನೂ ಸಿಕ್ತು. 'ತಕ್ಕರು ಬರೋವರೆಗೂ ಯಾರೂ ಮಾತಾಡಲಿಲ್ಲ' ಅನ್ನೋ ಸಾಲು. ತಕ್ಕ ಅಂದ್ರೆ ಇಲ್ಲಿ ಊರಿನ, ದೇವಸ್ಥಾನದ ವಂಶಪಾರಂಪರ್ಯ ಮುಖ್ಯಸ್ಥ. ಅವ್ಳು ಓದಿದ್ದು 'ಯೋಗ್ಯರು' ಅಂತ. ನಿಘಂಟು ನೋಡಿದ್ರೂ ಅದೇ ಹೇಳ್ತಿತ್ತು, ಅದು ನಿಘಂಟಿನ ತಪ್ಪೂ ಅಲ್ಲ, ಕನ್ನಡದ ತಕ್ಕ ಅಂದ್ರೆ ಯೋಗ್ಯನೇ. 'ಮಂದಿನಲ್ಲಿ ಸೇರಿದರು', ಮಂದ್ ಅಂದ್ರೆ ಊರವ್ರು ಹಬ್ಬಕ್ಕೆ, ಕೋಲಾಟಕ್ಕೆ ಸೇರೋ ಬಯಲು, ಅವ್ಳು ಓದಿದ್ದು ಮಂದಿಯಲ್ಲಿ, ಜನರ ನಡುವೆ. ಅರ್ಥ ಸರಿಯಾಗಿ ಕೂತೂಬಿಡ್ತದೆ ನೋಡಿ, ಅದೇ ಅಪಾಯ. ಅದೇ ಕಡುಂಬುಟ್ಟು ಅನ್ನೋ ಪದ ಅವ್ಳು ಹುಟ್ಟಿದಾಗಿಂದ ಕೇಳಿದ್ದು, ಆದ್ರೆ ಕೇಳದೇ ಇದ್ದೋರಿಗೂ ಅದು ತೊಂದರೆ ಕೊಡಲ್ಲ, ಪಂದಿಕರಿ ಜೊತೆ ತಿಂದ್ರು ಅಂತ ಇದ್ಮೇಲೆ ತಿನ್ನೋ ಪದಾರ್ಥ ಅಂತ ಗೊತ್ತಾಗ್ತದೆ, ಬೇಕಾದ್ರೆ ಒತ್ತಿ ನೋಡ್ತಾರೆ, ಬೇಡ ಅಂದ್ರೆ ಮುಂದೆ ಹೋಗ್ತಾರೆ.

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಸಿಕ್ಕ ದೊಡ್ಡ ವಿಷಯ ಇದೇ. ನಾವು ಟಿಪ್ಪಣಿ ಫೀಚರ್ ಅಂದ್ರೆ ಗೊತ್ತಿಲ್ಲದ ಪದಕ್ಕೆ ಅರ್ಥ ಕೊಡೋದು ಅಂದ್ಕೊಂಡಿದ್ವಿ. ಗೊತ್ತಿಲ್ಲದ ಪದಕ್ಕೆ ಓದೋರೇ ಕೈ ಚಾಚ್ತಾರೆ, ಅದಕ್ಕೆ ನಿಘಂಟು ಸಾಕು. ಗೊತ್ತಿದೆ ಅಂದ್ಕೊಂಡಿರೋ ಪದ ಇದೆಯಲ್ಲ, ಅದಕ್ಕೆ ಯಾರೂ ಕೈ ಚಾಚಲ್ಲ, ಅಲ್ಲಿ ಪುಸ್ತಕವೇ ಮೊದ್ಲು ಕೈ ಹಿಡಿದು ನಿಲ್ಲಿಸಬೇಕು. ಚುಕ್ಕಿ ಗೆರೆ ಬೇಕಾಗಿರೋದು ಅಲ್ಲಿ.

ಆ ರಾತ್ರಿ ಟಿಪ್ಪಣಿ ಪಟ್ಟಿ ತೆರೆದು ಮೂವರೂ ಕೂತ್ವಿ, ಗೆಳೆಯ ಫೋನಲ್ಲಿ, ಕಟ್ ಆಗ್ತಾ ಬರ್ತಾ. ಮೇಷ್ಟ್ರು ಗುರುತು ಹಾಕಿದ್ದ ಮುನ್ನೂರು ಚಿಲ್ಲರೆಯಲ್ಲಿ ಮುಕ್ಕಾಲು ಪಾಲು ಗೊತ್ತಿಲ್ಲದ ಪದಗಳೇ, ಪೀಚೆಕತ್ತಿ, ಕುಪ್ಯ, ಕಾಚಂಪುಳಿ, ಹಿಂಗೆ. ಭಟ್ಟಿಗೆ ಟಿಪ್ಪಣಿಯೇ ಇರ್ಲಿಲ್ಲ. "ಅದು ಎಲ್ರಿಗೂ ಗೊತ್ತಲ್ಲ" ಅಂದ್ರು ಮೇಷ್ಟ್ರು. ಕೆಲವು ಪುಟದಲ್ಲಿ ಚುಕ್ಕಿ ಗೆರೆ ಏಳೆಂಟು ಇದ್ದು ಪುಟಕ್ಕೆ ಸಿಡುಬು ಎದ್ದ ಹಾಗೆ ಕಾಣ್ತಿತ್ತು. ಗೊತ್ತಿಲ್ಲದ ಪದಗಳನ್ನೆಲ್ಲ ಗುರುತಿನಿಂದ ತೆಗೆದು ಪುಸ್ತಕದ ಜೊತೆ ಕೊಡೋ ಪುಟ್ಟ ನಿಘಂಟಿಗೆ ಹಾಕಿದ್ವಿ, ಒತ್ತಿ ಹಿಡಿದ್ರೆ ಸಿಗೋ ಹಾಗೆ. ಒಂದೊಂದು ಪದಕ್ಕೂ ಅದು ಪುಸ್ತಕದಲ್ಲಿ ಯಾವ ಯಾವ ರೂಪದಲ್ಲಿ ಬಂದಿದೆಯೋ ಅಷ್ಟನ್ನೂ, ಆ ಕೈಮಡದೆದುರು ಸಮೇತ, ಪಟ್ಟಿ ಮಾಡಿ ಕೊಟ್ವಿ, ಸ್ಟಾರ್‌ಡಿಕ್ಟಲ್ಲಿ ಪರ್ಯಾಯ ರೂಪಗಳಿಗೆ ಅಂತಲೇ ಬೇರೆ ಫೈಲ್ ಇರ್ತದೆ. ಇಡೀ ಕನ್ನಡಕ್ಕೆ ವ್ಯಾಕರಣ ಬರೆಯೋದು ನಮ್ಮ ಕೈಲಾಗದ ಕೆಲಸ, ಆದ್ರೆ ಒಂದು ಪುಸ್ತಕದಲ್ಲಿ ಇರೋ ರೂಪಗಳಿಗೆ ಲೆಕ್ಕ ಇದೆ, ಎಣಿಸಿ ಮುಗಿಸ್ಬಹುದು. ಪುತ್ತರಿ ಅಂತ ಹುಡುಕಿದ್ರೂ ಹುತ್ತರಿ ಅಂತ ಹುಡುಕಿದ್ರೂ ಒಂದೇ ಕಡೆ ಹೋಗ್ಬೇಕು, ಕನ್ನಡದಲ್ಲಿ ಪಕಾರ ಹೋಗಿ ಹಕಾರ ಆದದ್ದು ಕೊಡವ ಭಾಷೆಯಲ್ಲಿ ಪಕಾರವಾಗೇ ಉಳಿದಿದೆ, ಮೇಷ್ಟ್ರು ಎರಡನ್ನೂ ಬಳಸಿದ್ದಾರೆ, ಮಾತಾಡೋರು ಯಾರು ಅನ್ನೋದ್ರ ಮೇಲೆ.

ಇನ್ನು ಟಿಪ್ಪಣಿಯ ಉದ್ದ. ಸುಬೇದಾರ್ರ ಒಂಬತ್ತು ಸಾಲಿನ ಸ್ಕ್ರೀನಲ್ಲಿ ಡಬ್ಬಿಗೆ ಸಿಗೋದು ನಾಲ್ಕು ಸಾಲು, ಸಾಲಿಗೆ ಮೂರ್ನಾಲ್ಕು ಪದ. ಅಂದ್ರೆ ಹದಿನೈದು ಪದ. ಅದಕ್ಕಿಂತ ಹೆಚ್ಚಾದ್ರೆ ಡಬ್ಬಿಯೊಳಗೆ ಮತ್ತೆ ಜಾರಿಸಬೇಕು, ಇ-ಇಂಕ್ ಸ್ಕ್ರೀನಲ್ಲಿ ಜಾರಿಸೋದು ಅಂದ್ರೆ ಕಪ್ಪು ಬಿಳುಪು ಮಿಂಚಿ ಮಿಂಚಿ ಹಳೇ ಅಕ್ಷರದ ನೆರಳು ಉಳಿದು ತಲೆನೋವು. ಹದಿನೈದು ಪದ ಅಂತ ಕಟ್ಟಳೆ ಮಾಡಿದೆ. ಮೇಷ್ಟ್ರ ಜಮ್ಮಾ ಟಿಪ್ಪಣಿ ಒಂದೂವರೆ ಪುಟ ಇತ್ತು.

"ಒಂದೂವರೆ ಪುಟವನ್ನ ಹದಿನೈದು ಪದ ಮಾಡೋದಾ? ಪರೀಕ್ಷೆಯಲ್ಲಿ ನೀನು ಉತ್ತರ ಬರೀತಿದ್ದದ್ದೂ ಹಾಗೇ" ಅಂದ್ರು. ಬೇಜಾರಾಗಿತ್ತು ಅವ್ರಿಗೆ, ನ್ಯಾಯವೇ. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಒಂದು ಚೀಟಿ ಕಳಿಸಿದ್ರು, ಅವ್ರದ್ದೇ ದುಂಡಕ್ಷರ: 'ಜಮ್ಮಾ: ಸೈನಿಕ ಸೇವೆಯ ಋಣಕ್ಕೆ ಒಕ್ಕಕ್ಕೆ ತಲೆತಲಾಂತರಕ್ಕೂ ಸಿಕ್ಕ ಜಮೀನು. ಕಂದಾಯ ಅರ್ಧ. ಅಪ್ಪಣೆಯಿಲ್ಲದೆ ಪರಭಾರೆ ಸಲ್ಲದು.' ಹದಿಮೂರು ಪದ. ಸಾಗು (ಪೂರ್ತಿ ಕಂದಾಯ ಕಟ್ಟೋ) ಜಮೀನಿನ ಕಂದಾಯದ ಅರ್ಧ ಅಂತ ಆಗ್ಬೇಕಿತ್ತು, ಆದ್ರೆ ಕತೆಯ ಆ ಜಾಗದಲ್ಲಿ ಅಷ್ಟು ಬೇಡ, ಅಲ್ಲಿ ಅಣ್ಣತಮ್ಮಂದಿರು ಜಮೀನು ಮಾರೋ ವಿಷಯಕ್ಕೆ ಜಗಳ ಆಡ್ತಿದ್ದಾರೆ, ಮಾರೋಕೆ ಬರಲ್ಲ ಅನ್ನೋದು ಗೊತ್ತಾದ್ರೆ ಸಾಕು. ಒಂದೂವರೆ ಪುಟದ್ದು ಹಾಗೇ ಪುಸ್ತಕದ ಹಿಂದೆ ಇದೆ, ಡಬ್ಬಿಯ ಕೊನೆಗೆ 'ಪೂರ್ತಿ ಓದಿ' ಅಂತ ಲಿಂಕ್, ಅಲ್ಲಿಂದ್ಲೂ ವಾಪಸ್ ಬಸ್ ಉಂಟು. ಉಳಿದ ಟಿಪ್ಪಣಿಗಳನ್ನೆಲ್ಲ ಆಮೇಲೆ ಅವ್ರೇ ಇಳಿಸಿಕೊಟ್ರು, ಹಟಕ್ಕೆ ಬಿದ್ದವ್ರ ಹಾಗೆ, ಕೆಲವು ಎಂಟೇ ಪದ.

ಪದಗಳ ಕತೆ ಇಷ್ಟಾದ್ರೆ ಜನರದ್ದು ಇನ್ನೊಂದು. ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿ, ಹಾಗಾಗಿ ಕಾದಂಬರಿಯಲ್ಲಿ ಬೋಪಯ್ಯ ಮೂರು ಜನ. ಕಿಂಡಲ್ ಇ-ರೀಡರ್‌ನಲ್ಲಿ 2011ರಿಂದ ಎಕ್ಸ್-ರೇ ಅಂತ ಫೀಚರ್ ಇದೆ, ಪುಸ್ತಕದಲ್ಲಿ ಬರೋ ಪಾತ್ರ, ಜಾಗ, ವಿಷಯ ಎಲ್ಲ ಎಲ್ಲೆಲ್ಲಿ ಬಂದಿವೆ ಅಂತ ತೋರಿಸೋದು. ಆ ಥರದ್ದು ನಮಗೂ ಬೇಕು ಅನ್ನಿಸ್ತು. ಗೆಳೆಯ ಒಂದು ಸ್ಕ್ರಿಪ್ಟ್ ಬರೆದ, ಹೆಸರು ಹಿಡಿದು ವಿಶ್ವಕೋಶದ ಮೊದಲ ಸಾಲು ತಂದು ಅಂಟಿಸೋದು. ಪುಸ್ತಕದಲ್ಲಿ 1837ರ ದಂಗೆ ಹೊತ್ತಲ್ಲಿ ಹಸು ಕಳಕೊಂಡು ಗದ್ದೆ ಬದುವಲ್ಲಿ ಕೂತು ಅಳೋ ಒಬ್ಬ ಕಾರ್ಯಪ್ಪ ಬರ್ತಾನೆ. ಅವ್ನ ಮೇಲೆ ಬೆರಳಿಟ್ರೆ: 1899ರಲ್ಲಿ ಶನಿವಾರಸಂತೆಯಲ್ಲಿ ಜನನ, 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ, 1986ರಲ್ಲಿ ಫೀಲ್ಡ್ ಮಾರ್ಷಲ್. ಸುಬೇದಾರ್ರು ಕೂತಲ್ಲೇ ಸಲ್ಯೂಟ್ ಹೊಡೆದು ಹೊಟ್ಟೆ ಹಿಡ್ಕೊಂಡು ನಕ್ರು. ಚಿಕ್ಕ ವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನ ಕರ್ಕೊಂಡು ಇಂಗ್ಲೆಂಡಿಗೆ ಹೋದದ್ದು ಒಂದು ಕಡೆ ಬರ್ತದೆ, ಅಲ್ಲಿ ಸ್ಕ್ರಿಪ್ಟ್ ತಂದಿಟ್ಟದ್ದು 1912ರಲ್ಲಿ ಹುಟ್ಟಿದ ಕತೆಗಾರ್ತಿ ಕೊಡಗಿನ ಗೌರಮ್ಮನ್ನ.

ಇದೆಲ್ಲ ನಗು. ನಗು ಬರದ ಕೇಸು 'ದೊರೆ'. ಎರಡನೇ ಅಧ್ಯಾಯದಲ್ಲಿ ದೊರೆ ಅಂದ್ರೆ ಲಿಂಗರಾಜೇಂದ್ರ. 1820ರ ನಂತರ ದೊರೆ ಅಂದ್ರೆ ಅವ್ನ ಮಗ ಚಿಕ್ಕ ವೀರರಾಜೇಂದ್ರ. 1834ರಲ್ಲಿ ಇಂಗ್ಲಿಷರು ಮಡಿಕೇರಿ ಹಿಡಿದ್ಮೇಲೆ ದೊರೆ ಅಂದ್ರೆ ಬಿಳಿ ಅಧಿಕಾರಿ, ಅದಾದ್ಮೇಲೆ ಕಾಫಿ ತೋಟದ ಬಿಳಿ ಸಾಹೇಬ. ಮೇಷ್ಟ್ರು ಬೇಕಂತಲೇ ಹಾಗೆ ಬರೆದದ್ದು, ಪದ ಅದೇ, ಕೂತಿರೋನು ಬೇರೆ, ಕಾದಂಬರಿಯ ಜೀವವೇ ಅದು. ಅಲ್ಲಿ ಪ್ರತಿ ದೊರೆಗೂ ಟಿಪ್ಪಣಿ ಹಾಕಿದ್ರೆ ಆಟ ಕೆಟ್ಟಿತು, ಹಾಕದಿದ್ರೆ ಮೊಮ್ಮಗಳಂಥೋರು ಒಬ್ಬನೇ ದೊರೆ ನೂರು ವರ್ಷ ಬದುಕಿದ ಅಂದ್ಕೋತಾರೆ. ಸ್ಕ್ರಿಪ್ಟ್ ಬದಿಗಿಟ್ಟು ಕೈಯಲ್ಲೇ ಗುರುತು ಹಾಕಿದ್ವಿ. ದೊರೆ ಬದಲಾಗೋ ಜಾಗದಲ್ಲಿ ಗುರುತು ಇಲ್ಲ, ಬದಲಾಗಿ ಒಂದು ಅಧ್ಯಾಯ ಆದ್ಮೇಲೆ ಬರೋ ಮೊದಲ ದೊರೆಗೆ ಇದೆ. ಅನುಮಾನ ಬಂದೋರು ಮುಟ್ತಾರೆ.

ಜನರ ಪರಿಚಯದ ಡಬ್ಬಿಯಲ್ಲಿ ನಾನೇ ಒಂದು ದೊಡ್ಡ ಎಡವಟ್ಟು ಮಾಡಿದೆ. ನಡುವಿನ ಬೋಪಯ್ಯನಿಗೆ 'ಹಿರಿ ಬೋಪಯ್ಯನ ಮೊಮ್ಮಗ, ದಂಗೆಯಲ್ಲಿ ಸತ್ತವನು' ಅಂತ ಬರೆದಿಟ್ಟೆ, ಗುರುತು ಹಿಡಿಯೋಕೆ ಸುಲಭ ಅಂತ. ಚಿಕ್ಕಮ್ಮ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ್ಲು, ವಿರಾಜಪೇಟೆಯಿಂದ. ಅವ್ನು ಮದುವೆಗೆ ಹುಡುಗಿ ನೋಡೋಕೆ ಹೋಗಿರೋ ಪುಟದಲ್ಲಿದ್ಲು ಅವ್ಳು.

"ನೀನೇ ಕೊಂದ್ಯಲ್ಲೋ ಅವ್ನನ್ನ! ಮದ್ವೆ ಆದ್ರೂ ಆಗ್ಲಿ ಅಂತ ಬಿಡಬಾರ್ದಿತ್ತಾ?"

ಆಮೇಲೆ ಪ್ರತಿ ಪಾತ್ರಕ್ಕೂ ಅಧ್ಯಾಯವಾರು ಬೇರೆ ಬೇರೆ ಪರಿಚಯ. ಟಿಪ್ಪಣಿಯ ನಕಲು ಅಧ್ಯಾಯಕ್ಕೊಂದು ಇಡೋ ವ್ಯವಸ್ಥೆ ಹೇಗೂ ಮಾಡಿದ್ವಲ್ಲ, ಅದೇ ಇಲ್ಲಿ ಉಪಯೋಗಕ್ಕೆ ಬಂತು, ಐದನೇ ಅಧ್ಯಾಯದ ಬೋಪಯ್ಯನ ಡಬ್ಬಿಯಲ್ಲಿ ನಾಲ್ಕನೇ ಅಧ್ಯಾಯದ ಕೊನೆವರೆಗೆ ಓದಿದವ್ರಿಗೆ ಗೊತ್ತಿರೋದು ಮಾತ್ರ. ಬರೆಯೋದು ಜಾಸ್ತಿ, ಕೋಡ್ ಒಂದು ಸಾಲೂ ಇಲ್ಲ. ಆಪಿಗೆ ಓದುಗರು ಎಲ್ಲಿದ್ದಾರೆ ಅಂತ ಗೊತ್ತಿರ್ಬೇಕು ಅನ್ನೋ ಗೋಜೂ ಇಲ್ಲ, ಡಬ್ಬಿ ಯಾವ ಅಧ್ಯಾಯದಲ್ಲಿ ಇದೆಯೋ ಆ ಅಧ್ಯಾಯದ್ದೇ ಮಾತು ಆಡ್ತದೆ. ಚಿಕ್ಕಮ್ಮನಿಗೆ ಹೊಸ ಫೈಲ್ ಕಳಿಸಿದೆ, ಮೊದ್ಲಿಂದ ಓದಲ್ಲ ಅಂದ್ಲು, ಸತ್ತೋನು ಸತ್ತ ಅಂತ.

ಒಂದೇ ಒಂದು ಕೆಲಸ ನಮ್ಮಿಂದ ಆಗ್ಲೇ ಇಲ್ಲ, ವಂಶವೃಕ್ಷ. ಪ್ರಿಂಟಲ್ಲಿ ಎರಡು ಪುಟ ಸೇರಿಸಿ ಅಡ್ಡಕ್ಕೆ ಹಾಕಿದ್ರು, ಚೆಂದ ಇತ್ತು. ಆರಿಂಚಿನ ಸ್ಕ್ರೀನಲ್ಲಿ ಹೆಸರು ಇರುವೆ ಸಾಲಿನ ಹಾಗೆ, ದೊಡ್ಡದು ಮಾಡಿದ್ರೆ ಒಂದು ಕೊಂಬೆ ಮಾತ್ರ ಕಾಣ್ತದೆ, ಅದು ಯಾರ ಕೊಂಬೆ ಅಂತ ನೋಡೋಕೆ ಎಳೆದ್ರೆ ಸ್ಕ್ರೀನ್ ಮಿಂಚ್ತದೆ. ತಲೆಮಾರಿಗೊಂದು ಪುಟ ಮಾಡಿ ನೋಡಿದ್ವಿ, ಪಟ್ಟಿ ಮಾಡಿ ನೋಡಿದ್ವಿ. ಯಾವುದೂ ಸುಬೇದಾರ್ರಿಗೆ ಸರಿ ಬರ್ಲಿಲ್ಲ. ಕಳೆದ ವಾರ ಅವ್ರ ಮನೆಗೆ ಹೋದಾಗ ನೋಡ್ತೇನೆ, ಇ-ರೀಡರ್‌ನ ಚರ್ಮದ ಕವರ್ ಒಳಗೆ, ಮಡಚೋ ಕಡೆ, ಒಂದು ಕಾಗದ ಸಿಕ್ಕಿಸಿದ್ದಾರೆ. ಮೇಷ್ಟ್ರ ಹತ್ರ ಕೂತು ಬರೆಸ್ಕೊಂಡದ್ದು, ಪೆನ್ಸಿಲ್‌ನಲ್ಲಿ, ಮೂರು ಬೋಪಯ್ಯಂದಿರಿಗೂ ಕೆಂಪು ಸುತ್ತು. ಓದ್ತಾ ಎಡಗಡೆ ಕಣ್ಣು ಹಾಯಿಸ್ತಾರೆ, ಮತ್ತೆ ಬಲಗಡೆ. ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ಈಗ ಪುಸ್ತಕದ ಫೈಲ್ ಜೊತೆ ಎ4 ಹಾಳೆಯ ಪಿಡಿಎಫ್ ಒಂದನ್ನ ಕೊಡ್ತಿದ್ದೇವೆ, ಎಲ್ಲಿ ಮಡಚ್ಬೇಕು ಅಂತ ಚುಕ್ಕಿ ಗೆರೆ ಹಾಕಿ.